ಕೊಡಿಬೈಲಿನ ಕಟ್ಟಕ್ಕೆ ಅನುಮತಿ ತಂದ ಭುಜಂಗಣ್ಣ

ಉದ್ಯಾವರದ ಹೊಳೆಗೆ ಸೇರುವ ತೋಡುಗಳಲ್ಲಿ ಕೊಡಿಬೈಲಿನ ತೋಡು ತೀರ ಸಣ್ಣದು. ಮಳೆಗಾಲದಲ್ಲಿ ಅದಕ್ಕೆ ಸೊಕ್ಕು, ಬೇಸಗೆಯಲ್ಲಿ ಬಡತನ. ಮೂಡಣದಿಂದ ಸಿಹಿನೀರು ಇಳಿಯುವುದು ಕಡಿಮೆಯಾದ ಕೂಡಲೇ ಪಡುವಣದಿಂದ ಉಪ್ಪುನೀರು ಉಬ್ಬರದ ಜೊತೆಗೆ ಮೇಲೇರಿ ಬರುತ್ತದೆ. ಬಂತೆಂದರೆ ಸುಗ್ಗಿ ಬೆಳೆ ಸುಟ್ಟಿತು, ಬಾವಿ ಕೆಟ್ಟಿತು ಎಂದೇ ಲೆಕ್ಕ. ಅದಕ್ಕಾಗಿ ದೀಪಾವಳಿ ಕಳೆದ ಮೇಲೆ ಊರವರೆಲ್ಲ ಸೇರಿ ತೋಡಿಗೆ ಅಡ್ಡಲಾಗಿ ಹಲಗೆ ನಿಲ್ಲಿಸಿ, ಮಣ್ಣು ಮತ್ತು ತೆಂಗಿನ ಮಡಲು ತುಂಬಿ ಒಂದು ಕಟ್ಟ ಕಟ್ಟುತ್ತಿದ್ದರು. ಬೇಸಗೆಯ ಕೊನೆಗೆ ಪತ್ತನಾಜೆ ಬಂದು, ಯಕ್ಷಗಾನದ ಆಟ, ಭೂತಕೋಲಗಳೆಲ್ಲ ಗೆಜ್ಜೆ ಬಿಚ್ಚಿ, ಊರು ಮಳೆಗೆ ಕಾಯುತ್ತ ಕುಳಿತಾಗ ಅದೇ ಕೈಗಳು ಹಾರೆ ಹಿಡಿದು ಕಟ್ಟವನ್ನು ಕಡಿಯುತ್ತಿದ್ದವು. ಕಡಿಯದಿದ್ದರೆ ಮೊದಲ ನೆರೆಗೇ ಬೈಲೆಲ್ಲ ಕೆರೆ.

ಇದಕ್ಕೆ ಇದ್ದದ್ದು ಎರಡೇ ಕಟ್ಟಳೆ. ಉಪ್ಪು ಮೊದಲು ಯಾರ ಬಾವಿಗೆ ತಾಗುತ್ತದೋ ಅವರ ಕೈಯಿಂದ ಮೊದಲ ಬುಟ್ಟಿ ಮಣ್ಣು ಬೀಳಬೇಕು. ನೆರೆ ಮೊದಲು ಯಾರ ಅಂಗಳಕ್ಕೆ ಏರುತ್ತದೋ ಅವರ ಕೈಯಿಂದ ಮೊದಲ ಹಾರೆಯ ಏಟು ಬೀಳಬೇಕು. ಮೊದಲ ಬುಟ್ಟಿ ತೋಡಿನ ದಡದ ಆಯಿಶಮ್ಮನದು. ಬ್ಯಾರಿಗಳ ಆ ಮನೆಯವರೇ ಕಟ್ಟಕ್ಕೆ ಹಲಗೆಗಳನ್ನೂ ಕೊಡುತ್ತಿದ್ದರು. ಮೊದಲ ಏಟು ತಗ್ಗಿನ ಮನೆಯ ಭುಜಂಗನದು. ಅವರು ಮುಟ್ಟದೆ ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ನೋಯುವವರಿಗೆ ಮೊದಲ ಮಾತು ಎಂಬ ಈ ಬುದ್ಧಿಯನ್ನು ಊರಿಗೆ ಯಾವ ಇಲಾಖೆಯೂ ಕಲಿಸಿರಲಿಲ್ಲ.

ಇಷ್ಟು ಸಸೂತ್ರವಾಗಿದ್ದ ಊರಿಗೆ ಅನುಮತಿ ಎಂಬ ಪದಾರ್ಥವನ್ನು ಹೊತ್ತುತಂದವನು ಇದೇ ಭುಜಂಗ.

ಹಾಗೆಂದು ಅವನು ದಡ್ಡನಲ್ಲ. ದಡ್ಡನಾಗಿದ್ದರೆ ಊರು ಎಷ್ಟೋ ಸುಖವಾಗಿರುತ್ತಿತ್ತು. ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದ ಕಾಲದಲ್ಲಿ ಗೇಣಿಯವರೆಲ್ಲ, ಉಳುವ ಗದ್ದೆ ತಮ್ಮದಾಗಬೇಕೆಂದು ಬರೆದು ಡಿಕ್ಲರೇಶನ್ ಕೊಡಬೇಕಿತ್ತು. ಭುಜಂಗನ ಅಣ್ಣ ದೂಮಣ್ಣ ಕೊಡಲಿಲ್ಲ. "ನಿನ್ನ ಗದ್ದೆ ನಿನಗೇ ದೂಮ, ನಮ್ಮೊಳಗೆ ಕಾಗದ ಎಂತಕ್ಕೆ?" ಎಂದು ಧಣಿಗಳು ಬೆನ್ನು ತಟ್ಟಿದ್ದರು. ದೂಮಣ್ಣ ಆ ತಟ್ಟಿದ ಬೆನ್ನನ್ನು ವರ್ಷಗಟ್ಟಲೆ ಹೊತ್ತು ತಿರುಗಿದ. ಗದ್ದೆ ಮಾತ್ರ ಧಣಿಗಳ ಅಳಿಯನ ಹೆಸರಿಗೆ ಹೋಯಿತು. ಭುಜಂಗ ಧಣಿಗಳ ಮುಖವನ್ನೂ ನೋಡದೆ ಬಸ್ಸು ಹತ್ತಿ ಉಡುಪಿಗೆ ಹೋಗಿ ಅರ್ಜಿ ಕೊಟ್ಟ, ಟ್ರಿಬ್ಯುನಲ್ಲಿನ ಮುಂದೆ ಕೈಕಟ್ಟಿ ನಿಂತ, ಗದ್ದೆಯೊಡೆಯನಾಗಿ ಬಂದ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಒಡೆಯ, ಇನ್ನೊಬ್ಬ ಅವನದೇ ಗದ್ದೆಯ ಕೂಲಿ. ಇದನ್ನು ಕಣ್ಣಾರೆ ಕಂಡವನಿಗೆ ಕಾಗದದ ಮೇಲೆ ಭಕ್ತಿ ಹುಟ್ಟದೆ ಇನ್ನೇನು ಹುಟ್ಟೀತು? ಬರೆದು ಕೇಳದ್ದು ನಮ್ಮದಲ್ಲ ಎಂಬ ಒಂದು ಮಾತು ಅವನ ತಲೆಯಲ್ಲಿ ಬೇರುಬಿಟ್ಟಿತು.

ಆ ಮೇಲೆ ಅವನು ರೆಕ್ಸಿನ್ ಚೀಲ ಹಿಡಿಯದೆ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಗದ್ದೆಗೆ ಹೋಗುವಾಗಲೂ ಚೀಲ. ಹೆಂಡತಿ ಕುಶಲಾ, "ಇವರು ಚೀಲವನ್ನೇ ಮದುವೆಯಾಗಿದ್ದರೆ ನನ್ನ ಅಪ್ಪನಿಗೆ ಊಟದ ಖರ್ಚು ಉಳಿಯುತ್ತಿತ್ತು" ಎಂದು ಬಾವಿಕಟ್ಟೆಯಲ್ಲಿ ನಾಲ್ಕು ಜನಕ್ಕೆ ಕೇಳುವಂತೆಯೇ ಹೇಳುತ್ತಿದ್ದಳು.

ಎಪ್ಪತ್ತೆಂಟರ ಒಂದು ಬೆಳಿಗ್ಗೆ ಭುಜಂಗನಿಗೆ ಹೊಳೆಯಿತು: ಗದ್ದೆಗೆ ಕಾಗದ ಉಂಟು, ಮನೆಗೆ ಕಾಗದ ಉಂಟು, ಎರಡನ್ನೂ ಕಾಯುವ ಕಟ್ಟಕ್ಕೆ ಎಂತ ಉಂಟು? ಅಂದೇ ಉಡುಪಿಗೆ ಹೊರಟ. ಊರವರು ನೀರಿನ ಆಫೀಸು ಎಂದು ಕರೆಯುತ್ತಿದ್ದ ಕಚೇರಿಯಲ್ಲಿ ಗುಮಾಸ್ತ ಆಗಷ್ಟೇ ಚಹಾ ಕುಡಿದು ಕುಳಿತಿದ್ದ.

"ಕಟ್ಟ ಕಟ್ಟಲಿಕ್ಕೆ ಪರ್ಮಿಶನ್ ಬೇಕಿತ್ತು" ಎಂದ ಭುಜಂಗ.

"ಎಷ್ಟು ವರ್ಷದಿಂದ ಕಟ್ಟುತ್ತಿದ್ದೀರಿ?"

"ಅಜ್ಜನ ಕಾಲದಿಂದ."

"ಹಾಗಾದರೆ ಹೋಗಿ ಕಟ್ಟಿ ಮಾರಾಯರೆ. ಯಾರು ಬೇಡ ಎಂದದ್ದು?"

"ಬೇಡ ಎಂದಿಲ್ಲ. ಆದರೆ ಹೌದು ಎಂದೂ ಹೇಳಿಲ್ಲವಲ್ಲ?"

ಗುಮಾಸ್ತ ಎದ್ದು ಕಪಾಟಿನ ಬಾಗಿಲು ತೆರೆದ. ಅಷ್ಟು ವರ್ಷದ ಸರ್ವಿಸಿನಲ್ಲಿ ತಾನಾಗಿ ಬಂದು ಕೊರಳು ಒಡ್ಡಿದವನನ್ನು ಅವನು ಕಂಡಿರಲಿಲ್ಲ. ಕಪಾಟಿನ ಅಡಿಯಿಂದ, ನಮ್ಮ ಜಿಲ್ಲೆ ಮದರಾಸಿಗೆ ಸೇರಿದ್ದ ಕಾಲದ ಒಂದು ಪುಸ್ತಕ ಹೊರಬಂತು. ಹರಿಯುವ ನೀರಿಗೆ ಅಡ್ಡ ಹಾಕುವವರು ಅಪ್ಪಣೆ ಪಡೆಯಬೇಕು, ಪಡೆಯದಿದ್ದರೆ ದಂಡ ಎಂದು ಅದರಲ್ಲಿ ನಿಜವಾಗಿ ಇತ್ತು. ಅದುವರೆಗೆ ಆ ನಿಯಮ ಯಾರಿಗೂ ಕಚ್ಚಿರಲಿಲ್ಲ, ಯಾಕೆಂದರೆ ಯಾರೂ ಹೋಗಿ ಅದರ ಬಾಯಿಗೆ ಬೆರಳು ಇಟ್ಟಿರಲಿಲ್ಲ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದರು ಎನ್ನುತ್ತಾರೆ. ನಮ್ಮ ಭುಜಂಗ ಮಲಗಿದ್ದ ಮಾರಿಯನ್ನು ಎಬ್ಬಿಸಿ, ಮುಖ ತೊಳೆಸಿ, ಬಸ್ಸಿನ ಟಿಕೇಟು ಕೊಡಿಸಿ ಕರೆದುತಂದ.

ಮೊದಲ ವರ್ಷ ಅನುಮತಿ ಸಲೀಸಾಗಿ ಬಂತು. ಮೂರು ಸಾಲು, ಒಂದು ನೇರಳೆ ಮೊಹರು. ಭುಜಂಗ ಅದಕ್ಕೆ ಗಾಜು ಹಾಕಿಸಿ ದೇವರ ಪಟದ ಪಕ್ಕದಲ್ಲೇ ತೂಗಿಸಿದ. ಕುಶಲಾ ಊದುಬತ್ತಿಯನ್ನು ದೇವರಿಗೆ ತೋರಿಸಿ ನಿಲ್ಲಿಸಿದರೆ ಇವನು ಕಣ್ಣಿನಲ್ಲೇ, ಇನ್ನೂ ಸ್ವಲ್ಪ ಆಚೆಗೆ, ಎಂದು ಹೇಳುತ್ತಿದ್ದ. ಊರವರೂ ಬಂದು ನೋಡಿ ಹೋದರು. ಆಯಿಶಮ್ಮನ ಮಗ ಕುಂಞಾಲಿ ಕೊಪ್ಪರದ ವ್ಯಾಪಾರದವನು, ನಾಲ್ಕೂರು ತಿರುಗಿದವನು. ಅವನೂ "ಒಳ್ಳೆಯದಾಯಿತು ಭುಜಂಗಣ್ಣ, ಇನ್ನು ನಮ್ಮ ಕಟ್ಟವನ್ನು ಯಾರೂ ಕೇಳುವ ಹಾಗಿಲ್ಲ" ಎಂದ. ಅದುವರೆಗೆ ಯಾರು ಕೇಳಿದ್ದರು ಎಂದು ಅವನಿಗೂ ಹೊಳೆಯಲಿಲ್ಲ.

ನಿಯಮ ಬದಲಾಗಲು ತೊಡಗಿದ್ದು ಆ ಮೇಲೆ. ಮರುವರ್ಷ ನಕ್ಷೆ ಬೇಕು ಎಂದರು. ಭುಜಂಗ ನಕ್ಷೆ ಮಾಡಿಸಿದ. ಅದರ ಮರುವರ್ಷ ತೋಡು ಒಂದು ಇಲಾಖೆಗೆ, ಅದರ ನೀರು ಇನ್ನೊಂದಕ್ಕೆ, ನೀರಿನ ಅಡಿಯ ಮಣ್ಣು ಮತ್ತೊಂದಕ್ಕೆ ಹಂಚಿಹೋಯಿತು. ಏಡಿ ಮೀನುಗಳ ಸುದ್ದಿಗೆ ಯಾರೂ ಹೋಗಲಿಲ್ಲ, ಅವು ಪುಣ್ಯ ಮಾಡಿದ್ದವು. ಒಂದು ವರ್ಷ ಅರ್ಜಿಯನ್ನು ಮಳೆಗಾಲಕ್ಕೆ ಮೊದಲೇ ಕೊಡಬೇಕಿತ್ತು ಎಂದರು. ಇನ್ನೊಂದು ವರ್ಷ ಮೊದಲೇ ಕೊಟ್ಟರೆ, ಈಗ ಎಂತಕ್ಕೆ ತಂದಿರಿ ಎಂದರು. ಭುಜಂಗ ಯಾವುದಕ್ಕೂ ಬೇಸರಿಸಲಿಲ್ಲ. ಹೊಸ ನಿಯಮ ಬಂದಷ್ಟೂ ಅವನ ನಡಿಗೆಗೆ ಒಂದು ಗತ್ತು ಬರುತ್ತಿತ್ತು. ಬಸ್ಸಿನಲ್ಲಿ ಪಕ್ಕದವನಿಗೆ "ಈ ಸಲ ನಿಯಮ ಬಹಳ ಬಿಗಿ" ಎಂದು ಹೇಳುವಾಗ ತಾನೇ ಬಿಗಿ ಮಾಡಿದ ಹಾಗೆ ಮುಖ ಮಾಡುತ್ತಿದ್ದ.

ಪಕ್ಕದ ಮೂಡುಬೈಲಿನವರು ಮಾತ್ರ ಪ್ರತಿ ವರ್ಷ ಕಟ್ಟ ಕಟ್ಟುತ್ತಿದ್ದರು, ಕಡಿಯುತ್ತಿದ್ದರು. ಅವರ ತೋಡು ಆಫೀಸಿಗೆ ಗೊತ್ತೇ ಇರಲಿಲ್ಲ. ಎದುರಿಗೆ ಹೋಗಿ ನಿಂತವನೊಬ್ಬನೇ ಸರಕಾರದ ಕಣ್ಣಿಗೆ ಬೀಳುವುದು ಎಂಬ ಸತ್ಯ ಅವರಿಗೆ ಓದದೆಯೇ ತಿಳಿದಿತ್ತು. "ನಿಮ್ಮದು ಕಾನೂನುಬಾಹಿರ ಮಾರಾಯರೆ" ಎಂದು ಭುಜಂಗ ಎಚ್ಚರಿಸಿದರೆ ಅವರು "ಹೌದಾ? ಹೊಸಕ್ಕಿಯ ಊಟ ಉಂಟು, ಕೈ ತೊಳೆಯಿರಿ" ಎನ್ನುತ್ತಿದ್ದರು.

ಎಂಬತ್ತೆರಡರಲ್ಲಿ ದೀಪಾವಳಿ ಕಳೆಯಿತು, ಅನುಮತಿ ಬರಲಿಲ್ಲ. ತಾತ್ಕಾಲಿಕ ಕಟ್ಟ ಎಂಬ ಜಾತಿಯನ್ನೇ ತೆಗೆದುಹಾಕಿದ್ದಾರೆ, ಹೊಸ ಆದೇಶ ಬೆಂಗಳೂರಿನಿಂದ ಬರಬೇಕು ಎಂದರು. ಆಯಿಶಮ್ಮ ಮೊದಲ ಬುಟ್ಟಿಗೆ ಮಣ್ಣು ತುಂಬಿಟ್ಟು ಕುಳಿತಿದ್ದಳು. ಕುಂಞಾಲಿ ಹಲಗೆಗಳನ್ನು ದಡಕ್ಕೆ ತಂದು ಹಾಕಿಸಿದ್ದ.

"ಮುಟ್ಟಬೇಡಿ" ಎಂದ ಭುಜಂಗ. "ನಮ್ಮ ಹೆಸರು ಫೈಲಿನಲ್ಲಿ ಉಂಟು. ಈಗ ಕದ್ದು ಕಟ್ಟಿದರೆ ಕೇಸು. ಕೇಸಾದರೆ ಡಿಕ್ಲರೇಶನಿನ ಜಮೀನು ವಾಪಸು ಹೋದೀತು."

ಆ ಕೊನೆಯ ಮಾತು ಯಾವ ನಿಯಮದಲ್ಲಿತ್ತೋ ದೇವರೇ ಬಲ್ಲ. ಆದರೆ ಹೊಸದಾಗಿ ಗದ್ದೆ ಕಂಡವರಿಗೆ ಅದನ್ನು ಕಳೆದುಕೊಳ್ಳುವ ಭಯಕ್ಕಿಂತ ದೊಡ್ಡ ಗುಮ್ಮ ಬೇರೆ ಇಲ್ಲ. ಎಲ್ಲರೂ ಕೈ ಒರೆಸಿಕೊಂಡು ಮನೆಗೆ ಹೋದರು. ದೂಮಣ್ಣನೊಬ್ಬ, "ನನ್ನದು ಹೋಗಲಿಕ್ಕೆ ಎಂತದೂ ಇಲ್ಲ, ನಾನೊಬ್ಬನೇ ಕಟ್ಟಲಾ?" ಎಂದು ಕೇಳಿದ. ತಮ್ಮ ಅವನನ್ನು ಗದರಿಸಿ ಕೂರಿಸಿದ.

ಉಪ್ಪುನೀರಿಗೆ ಅನುಮತಿಯ ಅಗತ್ಯ ಇರಲಿಲ್ಲ. ಅದು ಉಬ್ಬರದ ಹೊತ್ತು ನೋಡಿಕೊಂಡು ಸರಾಗವಾಗಿ ಬಂತು. ಸುಗ್ಗಿಗೆಂದು ನೆಟ್ಟ ನೇಜಿ ಮೊದಲು ತುದಿಯಲ್ಲಿ ಕೆಂಪಾಯಿತು, ಆ ಮೇಲೆ ಬುಡದವರೆಗೂ ಒಣಗಿತು. ಎಂತ ಹೇಳಿದರೂ ಅದು ಊರಿನ ಅನ್ನ. ಗದ್ದೆಯ ಬದುವಿನಲ್ಲಿ ನಿಂತ ಹೆಂಗಸರು ಬೈಯಲಿಲ್ಲ, ಸುಮ್ಮನೆ ಅತ್ತರು. ಒಂದು ಸಂಜೆ ಆಯಿಶಮ್ಮ ಭುಜಂಗನನ್ನು ಕರೆದು ಕೂರಿಸಿ ಚಾಯ ಕೊಟ್ಟಳು. ಅವನು ಒಂದು ಗುಟುಕು ಕುಡಿದು ಮುಖ ಹಿಂಡಿದ.

"ಎಂತ ಆಯಿಶಕ್ಕ, ಸಕ್ಕರೆ ಎಂದು ಉಪ್ಪು ಹಾಕಿದಿರಾ?"

"ನಾನು ಹಾಕಲಿಲ್ಲ ಮಗ. ಬಾವಿಯಲ್ಲೇ ಉಂಟು. ಕುಡಿ, ಪರ್ಮಿಶನ್ ಬರುವವರೆಗೆ ನಮಗೆಲ್ಲ ಇದೇ."

ಅವನು ಲೋಟ ಕೆಳಗಿಡುವವರೆಗೂ ಮುದುಕಿ ಅಲ್ಲಿಂದ ಏಳಲಿಲ್ಲ. ಭುಜಂಗ ಪೂರ್ತಿ ಕುಡಿದ.

ಆ ಸಲದ ಅನುಮತಿ ಬಂದದ್ದು ಪತ್ತನಾಜೆಯ ವಾರ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಆದರೂ ಅದು ಮುಂದಿನ ಬೇಸಗೆಗೂ ಸಲ್ಲುತ್ತದೆ ಎಂಬ ಒಂದು ಸಾಲು ಅದರಲ್ಲಿತ್ತು. ಭುಜಂಗನ ಮಾನ ಆ ಒಂದು ಸಾಲಿನಿಂದ ಉಳಿಯಿತು. ಹಳೆಯ ಅನುಮತಿಯನ್ನು ಬಿಚ್ಚಿ ಅದೇ ಗಾಜಿನೊಳಗೆ ಹೊಸತನ್ನು ಕೂರಿಸಿದ. ಷರತ್ತು ಮಾತ್ರ ಹೊಸದು: ಕಟ್ಟ ಗಟ್ಟಿಮುಟ್ಟಾಗಿರಬೇಕು, ಎರಡು ಸಾಲು ಹಲಗೆ ಬೇಕು, ನಡುವೆ ಕೆಂಪುಕಲ್ಲು ತುಂಬಬೇಕು. ದೀಪಾವಳಿ ಕಳೆದ ಮೇಲೆ ಊರವರು ಬೆನ್ನು ಮುರಿದು ಹಾಗೇ ಕಟ್ಟಿದರು. ಕಾರ್ಕಳದ ಕಡೆಯ ಓವರ್ಸಿಯರ್ ಜೋನ್ ಪೊರ್ಬುಗಳು ಬಂದು ಅದರ ಮೇಲೆ ಬೂಟು ಕಾಲಿನಲ್ಲಿ ಎರಡು ಸಲ ಕುಣಿದು ನೋಡಿ ಒಪ್ಪಿದರು. ಸುಗ್ಗಿ ಬೆಳೆ ಆ ವರ್ಷ ಚೆನ್ನಾಗಿಯೇ ಬಂತು. ಕುಶಲಾ ಹುಲ್ಲಿನ ಹಗ್ಗ ಬಿಗಿದು ಕಟ್ಟಿಸಿದ ಅಕ್ಕಿ ಮುಡಿಗಳು ಒಳಕೋಣೆಯಲ್ಲಿ ಸಾಲಾಗಿ ಕುಳಿತವು. ಹಿಂದಿನ ವರ್ಷ ಕೊಂಡು ಉಂಡ ಮನೆಗೆ ಆ ಸಾಲು ನೋಡುವುದೇ ಒಂದು ಊಟ. ಭುಜಂಗ ಮತ್ತೆ ಬಸ್ಸಿನಲ್ಲಿ ಮಾತಾಡತೊಡಗಿದ.

ಪತ್ತನಾಜೆ ಕಳೆಯಿತು. ಹಾರೆ ಹಿಡಿದು ಬಂದ ಊರವರ ಎದುರು ಭುಜಂಗ ಕೈ ಅಡ್ಡ ಹಿಡಿದ.

"ನಿಲ್ಲಿ. ಇದು ಈಗ ನಮ್ಮ ಕಟ್ಟ ಅಲ್ಲ. ಸರಕಾರ ಒಪ್ಪಿದ ಕಟ್ಟ. ಕಡಿಯಲಿಕ್ಕೆ ಬೇರೆ ಅನುಮತಿ ಬೇಕು ಎಂದು ಹೊಸ ನಿಯಮ. ಅರ್ಜಿ ಕೊಟ್ಟಿದ್ದೇನೆ."

"ಯಾವಾಗ ಬರುತ್ತದೆ?" ಎಂದು ಕುಂಞಾಲಿ ಕೇಳಿದ.

"ಸಾಹೇಬರ ಸಹಿ ಒಂದು ಬಾಕಿ."

ಸಾಹೇಬರು ಮಣಿಪಾಲದಲ್ಲಿ ಮನೆ ಮಾಡಿಕೊಂಡಿದ್ದರು. ಗುಡ್ಡದ ನೆತ್ತಿ, ನೆರೆ ಏರಬೇಕಾದರೆ ಮೊದಲು ಉಡುಪಿ ಪೂರ್ತಿ ಮುಳುಗಬೇಕು. ಅಲ್ಲಿಂದ ನೋಡಿದರೆ ಎಂತ ಅವಸರ ಕಾಣುತ್ತದೆ?

ಮಳೆ ಹಿಡಿಯಿತು. ಮಣ್ಣಿನ ಕಟ್ಟವಾಗಿದ್ದರೆ ಬೈಲು ತುಂಬಿದ ಭಾರಕ್ಕಾದರೂ ತಾನೇ ಕೊಚ್ಚಿಹೋಗಿ ಊರಿನ ಮರ್ಯಾದೆ ಕಾಯುತ್ತಿತ್ತು. ಇದು ಷರತ್ತಿನ ಪ್ರಕಾರ ಕಟ್ಟಿದ್ದು. ಸರಕಾರದ ಮಾತಿನಂತೆ ಕಟ್ಟಿದ ಒಂದು ವಸ್ತು ಗಟ್ಟಿಯಾಗಿ ನಿಂತದ್ದು ಇದೇ ಮೊದಲು, ಅದೂ ನಿಲ್ಲಬಾರದ ಹೊತ್ತಿಗೆ. ಬೈಲು ತುಂಬಿತು. ನೀರು ತಗ್ಗಿನ ಮನೆಯ ಅಂಗಳಕ್ಕೆ ಏರಿತು, ಜಗಲಿ ಹತ್ತಿತು, ಅಡುಗೆಮನೆಯ ಒಲೆಯನ್ನು ಆರಿಸಿತು. ಕೋಳಿಗೂಡು ಮೆಲ್ಲನೆ ತೇಲಿಕೊಂಡು ತೆಂಗಿನ ಬುಡಕ್ಕೆ ಹೋಗಿ ನಿಂತಿತು. ಊರವರು ಹಾರೆ ಹಿಡಿದು ಕಟ್ಟದ ಮೇಲೆ ಕಾದಿದ್ದರು. ಮೊದಲ ಏಟು ಭುಜಂಗನದು. ಅವನು ಮುಟ್ಟದೆ ಇನ್ನೊಬ್ಬರು ಮುಟ್ಟುವಂತಿಲ್ಲ. ಅವನೋ ಕೊಡೆ ಹಿಡಿದು ಮಣಿಪಾಲದ ದಿಕ್ಕಿಗೆ ನೋಡುತ್ತಿದ್ದ.

"ಒಳಗೆ ಹೋಗಿ ಉಳಿದದ್ದನ್ನಾದರೂ ತನ್ನಿ" ಎಂದು ಕುಶಲಾ ಮೊಣಕಾಲು ನೀರಿನಲ್ಲಿ ನಿಂತು ಕೂಗಿದಳು.

ಭುಜಂಗ ಕೊಡೆ ಬಿಸಾಡಿ ಒಳಗೆ ಓಡಿದ. ಹೊರಗೆ ಬಂದಾಗ ಅವನ ಎರಡೂ ಕೈ ತಲೆಯ ಮೇಲಿತ್ತು. ಕೈಯಲ್ಲಿ ಇದ್ದದ್ದು ಗಾಜು ಹಾಕಿದ ಅನುಮತಿ.

ಅವನ ಹಿಂದೆಯೇ ದೂಮಣ್ಣ ಬಂದ. ಅವನ ತಲೆಯ ಮೇಲೆ ಅಕ್ಕಿಯ ಮುಡಿ ಇತ್ತು. ಅದನ್ನು ಕಟ್ಟದ ಮೇಲಿಟ್ಟು ಮತ್ತೊಂದು ತರಲು ಹೋದ. ಗದ್ದೆ ಇಲ್ಲದವನು ಗದ್ದೆಯವನ ಅಕ್ಕಿ ಹೊರುತ್ತಿದ್ದ.

ಯಾರೂ ನಗಲಿಲ್ಲ. ನಕ್ಕಿದ್ದರೆ ಭುಜಂಗ ಬದುಕಿಕೊಳ್ಳುತ್ತಿದ್ದ. ಕುಶಲಾ ಗಂಡನ ಕೈಯಲ್ಲಿದ್ದ ಗಾಜನ್ನು ನೋಡಿದಳು. "ತಂದದ್ದು ಒಳ್ಳೆಯದಾಯಿತು" ಎಂದಳು. "ಒಲೆ ಉರಿದರೆ ಇವತ್ತು ಅದನ್ನೇ ಬೇಯಿಸಿ ಬಡಿಸುತ್ತೇನೆ. ಮೊಹರು ಉಂಟಲ್ಲ, ಉಪ್ಪಿನಕಾಯಿ ಬೇಡ."

ಭುಜಂಗನಿಗೆ ನಾಚಿಕೆಯಾಯಿತು. ಹುಟ್ಟಿದ ಮೇಲೆ ಅಷ್ಟು ನಾಚಿಕೆ ಅವನಿಗೆ ಆಗಿರಲಿಲ್ಲ. ಗಾಜನ್ನು ಕುಂಞಾಲಿಯ ಕೈಗೆ ಕೊಟ್ಟ, ಅವನ ಕೈಯಿಂದ ಹಾರೆ ತೆಗೆದುಕೊಂಡ, ಕಟ್ಟದ ನಡುವಿಗೆ ಹೋಗಿ ಬೀಸಿ ಹೊಡೆದ. ಆ ಮೇಲೆ ಎಲ್ಲ ಹಾರೆಗಳೂ ಬಿದ್ದವು. ಎರಡು ಸಾಲು ಹಲಗೆ ಕಳಚಲು ಸಂಜೆಯಾಯಿತು. ನೀರು ಒಮ್ಮೆಲೇ ಬುಸುಗುಟ್ಟಿ ಹೊಳೆಗೆ ಇಳಿದಾಗ ಭುಜಂಗ ಕೆಸರಿನಲ್ಲಿ ಕುಳಿತು ಮಗುವಿನಂತೆ ಅತ್ತ. ಹಾಳಾಗದೆ ಉಳಿದದ್ದು ದೂಮಣ್ಣ ಹೊತ್ತಷ್ಟೇ ಮುಡಿ.

ಜೋನ್ ಪೊರ್ಬುಗಳು ಕಟ್ಟ ಕಡಿಯುವ ಮೊದಲು ಸ್ಥಳ ಪರಿಶೀಲನೆಗೆಂದು ಬಂದದ್ದು ಆಷಾಢದ ನಡುವೆ. ಪರಿಶೀಲಿಸಲು ಕಟ್ಟ ಇರಲಿಲ್ಲ. "ಕಟ್ಟ ಎಲ್ಲಿ?" ಎಂದು ಕೇಳಿದರು.

ಭುಜಂಗ ಚೀಲ ಇಲ್ಲದೆ ಬಂದಿದ್ದ. "ಯಾವ ಕಟ್ಟ?" ಎಂದ.

"ಎಂತ ಭುಜಂಗಣ್ಣ, ನಾನೇ ಹತ್ತಿ ನೋಡಿದ್ದೆ."

"ನೀವು ಮೂಡುಬೈಲಿನಲ್ಲಿ ಹತ್ತಿದ್ದಿರಬಹುದು. ನಮ್ಮಲ್ಲಿ ಕಟ್ಟ ಇಲ್ಲ. ಕಟ್ಟಲಿಕ್ಕೆ ತೋಡೇ ಇಲ್ಲ, ಮಳೆ ಬಂದರೆ ಸ್ವಲ್ಪ ನೀರು ನಿಲ್ಲುತ್ತದೆ ಅಷ್ಟೇ. ಬರೆದುಕೊಡಲಾ?"

ಪೊರ್ಬುಗಳು ಎದುರಿಗೆ ಭೋರ್ಗರೆಯುವ ತೋಡನ್ನೂ, ಸಾಲಾಗಿ ನಿಂತ ಊರನ್ನೂ ನೋಡಿದರು. ಅವರೂ ಮನುಷ್ಯರೇ. ಇದ್ದ ಕಟ್ಟ ಕಾಣೆಯಾದರೆ ಅವರಿಗೆ ಹತ್ತು ವಿವರಣೆ, ಇಲ್ಲದ ತೋಡಿಗೆ ಒಂದೂ ಇಲ್ಲ. "ಬರೆದುಕೊಡಿ" ಎಂದರು. ಭುಜಂಗ ತನ್ನ ಜೀವಮಾನದ ಅತ್ಯಂತ ಚಂದದ ಅರ್ಜಿ ಬರೆದ. ಆಫೀಸು ಅಷ್ಟು ಬೇಗ ಒಪ್ಪಿದ ಅರ್ಜಿ ಅದೊಂದೇ. ಮೂಡುಬೈಲಿನವರು ಈ ಸುದ್ದಿ ಕೇಳಿ ಒಂದು ವಾರ ಅವನನ್ನು ಬೈದರು. ಗಾಜು ಕುಶಲಾಳ ಅಡುಗೆಮನೆ ಸೇರಿ ಉಪ್ಪಿನ ಭರಣಿಗೆ ಮುಚ್ಚಳವಾಯಿತು.

ಮೂರ್ನಾಲ್ಕು ವರ್ಷ ಕಳೆಯಿತು. ಒಂದು ದೀಪಾವಳಿಯ ಮರುವಾರ ಕೊಡಿಬೈಲಿನವರು ಇಲ್ಲದ ತೋಡಿಗೆ ಇಲ್ಲದ ಕಟ್ಟ ಕಟ್ಟುತ್ತಿದ್ದಾಗ ಜೋನ್ ಪೊರ್ಬುಗಳು ದಡದಲ್ಲಿ ಪ್ರತ್ಯಕ್ಷರಾದರು. ಮುಖದಲ್ಲಿ ನಿಜವಾದ ಸಂತೋಷ ಇತ್ತು. ನಿಯಮ ಪೂರ್ತಿ ಬದಲಾಗಿದೆ, ತೋಡು ಇರುವ ಊರಿಗೆಲ್ಲ ಸರಕಾರವೇ ಸಿಮೆಂಟಿನ ಕಿಂಡಿ ಅಣೆಕಟ್ಟು ಕಟ್ಟಿಕೊಡುತ್ತದೆ, ಕಿಂಡಿಗೆ ಹಲಗೆ ಇಳಿಸಿದರೆ ಆಯಿತು, ಪ್ರತಿ ವರ್ಷ ಮಣ್ಣು ಹೊರುವುದು ತಪ್ಪಿತು ಎಂದರು.

"ನಿಮ್ಮ ಫೈಲಿನಲ್ಲಿ ಮಾತ್ರ ತೋಡು ಇಲ್ಲ ಎಂದು ಉಂಟು. ಪರವಾಗಿಲ್ಲ. ತೋಡು ಉಂಟು ಎಂದು ಭುಜಂಗಣ್ಣ ಒಂದು ಅರ್ಜಿ ಕೊಟ್ಟರೆ ಸಾಕು."

ಎಲ್ಲರೂ ಭುಜಂಗನ ಕಡೆಗೆ ತಿರುಗಿದರು. ಅವನು ತೋಡಿನ ನಡುವೆ ನಿಂತಿದ್ದ. ಸೊಂಟದವರೆಗೆ ನೀರು, ಮೈತುಂಬ ಕೆಸರು. ಅರ್ಜಿ ಎಂಬ ಮಾತಿಗೆ ಅವನ ಬಲಗೈ ಬೆರಳುಗಳು ತಾವಾಗಿ ಒಮ್ಮೆ ಆಡಿದ್ದನ್ನು ಕುಶಲಾ ದಡದಿಂದ ಕಂಡಳು.

"ಕಿಂಡಿಯ ಹಲಗೆ ಇಳಿಸುವುದು, ತೆಗೆಯುವುದು ಯಾರು?" ಎಂದು ಭುಜಂಗ ಕೇಳಿದ.

"ನೀವೇ. ಹಲಗೆ ಶೆಡ್ಡಿನಲ್ಲಿ ಇರುತ್ತದೆ."

"ಶೆಡ್ಡಿನ ಬೀಗದ ಕೈ?"

"ಅದು ಆಫೀಸಿನಲ್ಲಿ. ಒಂದು ಅರ್ಜಿ ಕೊಟ್ಟರೆ..."

ಭುಜಂಗ ತೋಡಿನ ನೀರನ್ನು ಎರಡೂ ಕೈಯಲ್ಲಿ ಮೊಗೆದು ಮುಖ ತೊಳೆದುಕೊಂಡ.

"ಇಲ್ಲಿ ತೋಡು ಇಲ್ಲ ಸ್ವಾಮಿ" ಎಂದ. ಆ ಮೇಲೆ ದಡದ ಕಡೆಗೆ ಕೈ ಚಾಚಿ, "ಆಯಿಶಕ್ಕ, ಬುಟ್ಟಿ ಕೊಡಿ" ಎಂದ.